ಅಕ್ಕನ ಸಾಸರು, ನನ್ನ ಗಂಟೆ

ಹೋದ ವಾರ ಮಳೆ ಹಿಡಿದುಕೊಂಡಾಗ ಛತ್ರಿ ಹುಡುಕಲು ಅಟ್ಟಕ್ಕೆ ಕೈ ಹಾಕಿದೆ. ಛತ್ರಿ ಸಿಗಲಿಲ್ಲ. ಒಂದು ಬಿಳಿ ಡಬ್ಬಿ ಉರುಳಿ ಬಂದು ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಹಳೆಯ ನೆನಪುಗಳು ವಾಸನೆ ಹಿಡಿದುಕೊಂಡು ಬರುತ್ತವೆ ಎಂದು ತಿಳಿದವರು ಹೇಳುತ್ತಾರೆ. ಈ ಡಬ್ಬಿಯಲ್ಲಿದ್ದ ಪುಡಿಗೆ ವಾಸನೆಯಿಲ್ಲ, ರುಚಿಯಿಲ್ಲ, ಬಣ್ಣವೂ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದದ್ದೇ ತಡ, ಮೂರು ವರ್ಷದ ಹಿಂದಿನ ಒಂದು ಮಳೆಗಾಲ ಇಡಿಯಾಗಿ ಬಂದು ಎದುರಿಗೆ ನಿಂತಿತು.

ಡಬ್ಬಿ ಬಿದ್ದ ಸದ್ದಿಗೆ ನಡುಮನೆಯಿಂದ ಹಿತ್ತಾಳೆ ಗಂಟೆ ಎರಡು ಸಲ ಕೇಳಿಸಿತು. ಅಂದರೆ ನಮ್ಮಕ್ಕ ಕೇಳುತ್ತಿದ್ದಾಳೆ: ಏನ್ಲಾ ಬೀಳಿಸ್ದೆ? ಒಂದು ಸಲ ಬಾರಿಸಿದರೆ ಬಾ ಎಂದು. ಬಿಡದೆ ಬಾರಿಸಿದರೆ ಬೈಗುಳ. ಮಾತು ತಕ್ಕಮಟ್ಟಿಗೆ ಬಂದಮೇಲೂ ಅವಳು ಗಂಟೆಯನ್ನು ಬಿಟ್ಟಿಲ್ಲ. ಆ ಗಂಟೆ ಅವಳ ಕೈಗೆ ಹೇಗೆ ಹೋಯಿತು, ಈ ಪುಡಿ ನಮ್ಮ ಮನೆಗೆ ಯಾಕೆ ಬಂತು, ಅರವತ್ತು ದಾಟಿದ ನಾನು ಟೀ ಕುಡಿಯುವುದನ್ನು ಒಂದೇ ವರ್ಷದಲ್ಲಿ ಎರಡೆರಡು ಸಲ ಯಾಕೆ ಕಲಿಯಬೇಕಾಯಿತು ಎಂಬುದನ್ನು ಬರೆದಿಟ್ಟುಬಿಡುವುದು ಒಳ್ಳೆಯದು ಅನ್ನಿಸಿತು.

ನಾನು ನಂಜುಂಡಪ್ಪ. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದೆ. ಬೇರೆಯವರು ಕಷ್ಟಪಟ್ಟು ಮಾಡಿದ ವಸ್ತುವನ್ನು ಆರಾಮಾಗಿ ಕೂತು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಉದ್ಯೋಗ. ಇದರಿಂದ ಸ್ನೇಹಿತರು ಹೆಚ್ಚಾಗುವುದಿಲ್ಲ. ಆದರೆ 'ನಂಜುಂಡಪ್ಪನ ಕಣ್ಣು ತಪ್ಪಿಸೋಕಾಗಲ್ಲ' ಎಂಬ ಮಾತು ಇಡೀ ಶೆಡ್ಡಿನಲ್ಲಿತ್ತು. ಅದನ್ನು ನಾನು ಬಿರುದಿನ ಹಾಗೆ ಹೊತ್ತುಕೊಂಡು ಮನೆಗೆ ಬಂದವನು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಅಕ್ಕ, "ಇವ್ನ ಅಳ್ತೆಗೆ ಯಾರೂ ಸರೀಗ್ ಬರ್ಲಿಲ್ಲ ಕಣವ್ವ" ಎಂದು ಕೈ ಚೆಲ್ಲುತ್ತಿದ್ದಳು.

ಅಕ್ಕನ ಹೆಸರು ಪಿಳ್ಳಮ್ಮ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಶೆಟ್ಟಿಹಳ್ಳಿಯಿಂದ ಅಟ್ಟೂರಿಗೆ, ತವರಿಗೆ ವಾಪಸು ಬಂದಳು. ಆಗ ನಮ್ಮದು ದ್ರಾಕ್ಷಿ ತೋಟ. ಆಮೇಲೆ ತೋಟ ಹೋಗಿ ಲೇಔಟು ಬಂತು. ಆ ಲೇಔಟಿನ ಒಂದು ಸೈಟಿನಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ನಾವಿಬ್ಬರು. ನಲವತ್ತು ವರ್ಷ, ದಿನಾ ಬೆಳಗ್ಗೆ ಆರಕ್ಕೆ, ಜಗಲಿಯ ಮೇಲೆ ಕೂತು ಇಬ್ಬರೂ ಟೀ ಕುಡಿದಿದ್ದೇವೆ. ನನ್ನದು ಸ್ಟೀಲ್ ಲೋಟ. ಅವಳದು ನೀಲಿ ಗೆರೆಯ ಪಿಂಗಾಣಿ ಸಾಸರು. ಅದರ ಕಪ್ಪನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಕೈಜಾರಿ ಒಡೆದಿದ್ದೆ. ಕಪ್ಪಿಲ್ಲದ ಸಾಸರನ್ನು ಅಕ್ಕ ಬಿಸಾಡಲಿಲ್ಲ. ಲೋಟದಿಂದ ಸ್ವಲ್ಪಸ್ವಲ್ಪವೇ ಅದಕ್ಕೆ ಬಗ್ಗಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, 'ಸೊರ್' ಎಂದು ಎಳೆಯುತ್ತಿದ್ದಳು. ಆ ಸದ್ದು ಮೂರನೇ ಮನೆಗೆ ಕೇಳುತ್ತಿತ್ತು. ಬೀದಿಯ ಕೆಲವರು ಅದನ್ನು ಕೇಳಿಯೇ ಹಾಸಿಗೆ ಬಿಡುತ್ತಿದ್ದರು ಎಂದರೆ ಅತಿಶಯೋಕ್ತಿಯಲ್ಲ.

ನಿವೃತ್ತಿಯಾದ ವರ್ಷ ನನಗೆ ಬಿ.ಪಿ. ಬಂತು. ಅಳೆಯುವುದಕ್ಕೆ ಏನೂ ಇಲ್ಲದೆ ಕೂತ ಮನುಷ್ಯ ತನ್ನ ರಕ್ತದೊತ್ತಡವನ್ನೇ ದಿನಕ್ಕೆ ಆರು ಸಲ ಅಳೆಯತೊಡಗಿದರೆ ಅದು ಏರದೆ ಏನು ಮಾಡುತ್ತದೆ? ಡಾಕ್ಟರು ಮಾತ್ರೆ ಬರೆದು, "ಮನಸ್ಸಿಗೂ ಒಂದಿಷ್ಟು ರೆಸ್ಟ್ ಕೊಡಿ ಸಾರ್" ಅಂದರು. ಹಾಗೆ ನಾನು ಯಲಹಂಕ ನ್ಯೂಟೌನಿನಲ್ಲಿ ಒಂದು ಮಹಡಿ ಮೇಲಿನ ಹಾಲಿಗೆ, ಭಾನುವಾರದ ಚಹಾ ಧ್ಯಾನಕ್ಕೆ ಹೋಗಿ ಸೇರಿಕೊಂಡೆ. ಕಲಿಸುತ್ತಿದ್ದವರು ನಳಿನಿ ಮೇಡಂ, ಬ್ಯಾಂಕಿನ ಕೆಲಸ ಬಿಟ್ಟು ಬಂದವರು, ಒಳ್ಳೆಯ ಹೆಂಗಸು. ನೀರು ಕುದಿಯುವ ಸದ್ದು ಕೇಳಿಸಿಕೊಳ್ಳಬೇಕು. ಹಬೆ ಏರುವುದನ್ನು ನೋಡಬೇಕು. ಕಪ್ಪಿನ ಬಿಸಿ ಅಂಗೈಗೆ ಇಳಿಯುವುದು ತಿಳಿಯಬೇಕು. ಒಂದು ಗುಟುಕು ಬಾಯಲ್ಲಿ ನಿಂತು, ಗಂಟಲಿಗೆ ಇಳಿದು, ಹೋಯಿತು ಎಂಬುದು ಗೊತ್ತಾದ ಮೇಲೆಯೇ ಇನ್ನೊಂದು. ಇಪ್ಪತ್ತು ನಿಮಿಷ ಮಾತಿಲ್ಲ. ಮೊದಲಿಗೂ ಕೊನೆಗೂ ಒಂದೊಂದು ಸಲ ಗಂಟೆ ಬಾರಿಸುವುದು.

"ಇದೇ ನಿಮ್ಮ ಜೀವನದ ಮೊದಲ ಚಹಾ ಅಂದ್ಕೊಂಡು ಕುಡೀರಿ" ಎನ್ನುತ್ತಿದ್ದರು.

ಮನೆಗೆ ಬಂದು ಇದನ್ನು ಅಕ್ಕನಿಗೆ ಗಂಭೀರವಾಗಿ ವಿವರಿಸಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು.

"ಮೊದಲ್ನೇ ಟೀ ನಿಂಗೆ ಕುಡ್ಸಿದ್ದು ನಾನು ಕಣ್ಲಾ. ನಾಕ್ ವರ್ಸದ ಮಗ. ಬಾಯ್ ಸುಟ್ಕಂಡು ಊರೆಲ್ಲ ಕೇಳಂಗೆ ಕಿರುಚ್ಕಂಡೆ. ಈಗ್ಲೂ ಅಂಗೇ ಕಿರುಚ್ಬೇಕಂತಾ?"

"ಅಕ್ಕ, ಇದು ಧ್ಯಾನ."

"ಟೀ ಕುಡಿಯಾಕೂ ಕ್ಲಾಸಿಗ್ ಓಗಿ ಬಂದ್ನಲ್ಲಪ್ಪ ನನ್ ತಮ್ಮ" ಎಂದು ಕಾಯಿಯನ್ನು ಉದ್ದೇಶಿಸಿ ಹೇಳಿದಳು.

ನಾನು ಬಗ್ಗಲಿಲ್ಲ. ಹಿಡಿಯಿಲ್ಲದ ಎರಡು ಮಣ್ಣಿನ ಕಪ್ಪು ಬಂದವು. ಒಂದು ಪುಟ್ಟ ಹಿತ್ತಾಳೆ ಗಂಟೆ ಬಂತು. ಜಗಲಿಯ ಮೂಲೆಗೆ ಚಾಪೆ ಬಂತು. ಬೆಳಗ್ಗೆ ಆರಕ್ಕೆ ಗಂಟೆ ಬಾರಿಸಿ, ಇಪ್ಪತ್ತು ನಿಮಿಷಕ್ಕೆ ಫೋನು ತೊಡೆಯ ಕೆಳಗೆ ಗುರುಗುಟ್ಟಿದಾಗ ಮತ್ತೆ ಬಾರಿಸಿ ಮುಗಿಸುತ್ತಿದ್ದೆ. ಯಾವ ಕೆಲಸವನ್ನೂ ಹೇಳಿದಷ್ಟೇ ಮಾಡಿ ನನಗೆ ಅಭ್ಯಾಸವಿಲ್ಲ. ಕಣ್ಣು ತೆರೆದಿರಲಿ, ನೋಟ ಕಪ್ಪಿನ ಮೇಲಿರಲಿ ಎಂದು ಮೇಡಂ ಹೇಳಿದ್ದರು. ಕಣ್ಣು ಮುಚ್ಚಿದರೆ ಏಕಾಗ್ರತೆ ಇನ್ನೂ ಹೆಚ್ಚುತ್ತದೆ ಎಂದು ತೀರ್ಮಾನಿಸಿ ನಾನು ಮುಚ್ಚಿಕೊಂಡೆ. ಆ ಒಂದು ತಿದ್ದುಪಡಿ ಪೂರ್ತಿ ನನ್ನದು. ಇದನ್ನು ಇಲ್ಲಿಯೇ ಸ್ಪಷ್ಟವಾಗಿ ಬರೆದಿರುತ್ತೇನೆ.

ಅಡ್ಡ ಬಂದದ್ದು ಸೊರ್. ಎಲ್ಲ ಸದ್ದೂ ಬಂದು ಹೋಗಲಿ, ಅಂಟಿಕೊಳ್ಳಬೇಡಿ ಎಂದು ಮೇಡಂ ಕಲಿಸಿದ್ದರು. ಯಲಹಂಕದ ಮೇಲೆ ಬೆಳಗಾಗೆದ್ದು ಹಾರುವ ವಿಮಾನಗಳಿಗೆ ನಾನು ಅಂಟಿಕೊಳ್ಳಲಿಲ್ಲ, ಹಾಲಿನ ಗಾಡಿಗೂ ಅಂಟಿಕೊಳ್ಳಲಿಲ್ಲ. ಸಾಸರಿನ ಸದ್ದಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಐದನೆಯ ದಿನ ಕಣ್ಣು ಬಿಟ್ಟು, "ಅಕ್ಕ, ಸ್ವಲ್ಪ ಸದ್ದಿಲ್ದೆ ಕುಡಿಯೋಕಾಗಲ್ವಾ? ಇಲ್ಲಾಂದ್ರೆ ಹಿತ್ಲಲ್ಲಿ ಕೂತ್ಕೊಂಡು ಕುಡಿ" ಅಂದೆ.

ಅಕ್ಕ ಸಾಸರನ್ನು ಕೆಳಗಿಟ್ಟಳು. "ಇಮಾನದ ಸದ್ದಾದ್ರೆ ಬಂದ್ ಓಗ್ಲಿ ಅಂತೀಯ. ನನ್ ಸದ್ದು ಏನ್ ಪಾಪ ಮಾಡೈತ್ಲಾ?"

ಧ್ಯಾನಸ್ಥನಿಗೆ ಉತ್ತರ ಕೊಡಬೇಕಾಗಿಲ್ಲವಾದ್ದರಿಂದ ಕಣ್ಣು ಮುಚ್ಚಿದೆ. ಅವಳು ಎದ್ದು ಹಿತ್ತಲಿಗೆ ಹೋದಳು. ಎರಡು ತಿಂಗಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಒಬ್ಬಳೇ ಟೀ ಕುಡಿದಳು. ನನ್ನ ಬಿ.ಪಿ. ಇಳಿಯಿತು.

ಮೇ ತಿಂಗಳಲ್ಲಿ ಒಂದು ದಿನ, ಗಂಟೆ ಬಾರಿಸುವುದರಲ್ಲಿದ್ದೆ, ಅಕ್ಕ ಬಂದು ಎದುರಿನ ಚಾಪೆಯ ಮೇಲೆ ಕೂತಳು. ಕೈಯಲ್ಲಿ ಸಾಸರಿರಲಿಲ್ಲ. ನಾನು ತಂದಿದ್ದ ಇನ್ನೊಂದು ಮಣ್ಣಿನ ಕಪ್ಪಿತ್ತು.

"ಗಂಟೆ ಒಡ್ಯೋಗಂಟ ಮಾತಾಡಂಗಿಲ್ಲ, ಸದ್ದು ಮಾಡಂಗಿಲ್ಲ. ಅಷ್ಟೇ ತಾನೇ?"

"ಅಷ್ಟೇ ಅಕ್ಕ."

"ಸರಿ, ಒಡಿ."

ಧ್ಯಾನದ ಮಹಿಮೆ ಕೊನೆಗೂ ಅವಳಿಗೆ ಹಿಡಿಸಿತು ಎಂದು ನಾನು ತಿಳಿದೆ. ಹಿತ್ತಲಿನ ಕಲ್ಲಿನ ಮೇಲೆ ಒಬ್ಬಳೇ ಕೂತು ಕುಡಿದ ಟೀ ಅವಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮೊದಮೊದಲು ಆಗೊಮ್ಮೆ ಈಗೊಮ್ಮೆ ತಪ್ಪಿ ಒಂದು ಸಣ್ಣ ಸೊರ್ ಬರುತ್ತಿತ್ತು, ನಾನು ಹುಬ್ಬು ಗಂಟಿಕ್ಕುತ್ತಿದ್ದೆ. ಬರಬರುತ್ತಾ ಅದೂ ನಿಂತಿತು.

ಜೂನ್ ಮೊದಲ ವಾರ. ರಾತ್ರಿ ಮಳೆ ಬಂದು ಬೆಳಗ್ಗೆ ಬಿಟ್ಟಿತ್ತು. ಅವತ್ತಿನಷ್ಟು ಆಳವಾಗಿ ನಾನು ಯಾವತ್ತೂ ಮುಳುಗಿರಲಿಲ್ಲ. ಶುಂಠಿಯ ಖಾರ ನಾಲಿಗೆಯ ಯಾವ ಭಾಗಕ್ಕೆ ಮೊದಲು ತಾಗುತ್ತದೆ ಎಂಬುದನ್ನು ಗಮನಿಸಿದೆ. ಸೂರಿನಿಂದ ಬೀಳುವ ಹನಿಗಳ ನಡುವಿನ ಬಿಡುವನ್ನು ಗಮನಿಸಿದೆ. ಎದುರಿನಿಂದ ಒಂದಿಷ್ಟೂ ಸದ್ದಿಲ್ಲ. ಉಸಿರೆಳೆದ ಸದ್ದೂ ಇಲ್ಲ. ಭೇಷ್ ಅಕ್ಕ, ಕಲಿತೇಬಿಟ್ಟೆ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದು ಚೆನ್ನಾಗಿ ನೆನಪಿದೆ. ಫೋನು ಗುರುಗುಟ್ಟಿತು. ಗಂಟೆ ಬಾರಿಸಿ ಕಣ್ಣು ಬಿಟ್ಟೆ.

ಅಕ್ಕ ಗೋಡೆಗೆ ಒರಗಿದ್ದಳು. ಬಾಯಿಯ ಬಲಗಡೆ ಜಾರಿತ್ತು. ಬಲಗೈ ಚಾಪೆಯ ಮೇಲೆ ಯಾರದ್ದೋ ಕೈಯ ಹಾಗೆ ಬಿದ್ದಿತ್ತು. ಕಪ್ಪು ಮಡಿಲಲ್ಲಿ ಉರುಳಿ ಸೀರೆಯೆಲ್ಲ ಟೀ. ಕಣ್ಣು ಮಾತ್ರ ತೆರೆದಿದ್ದವು, ನನ್ನನ್ನೇ ನೋಡುತ್ತಿದ್ದವು. ಸುಟ್ಟಿತೇನೋ ಎಂದು ಗಾಬರಿಯಿಂದ ಸೀರೆ ಮುಟ್ಟಿ ನೋಡಿದೆ. ಟೀ ತಣ್ಣಗೆ ಆರಿಹೋಗಿತ್ತು.

ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಹೋದೆವು. ಫ್ಲೈಓವರಿನ ಮೇಲೆ ಆ ಹೊತ್ತಿಗೆ ಇನ್ನೂ ದಾರಿಯಿತ್ತು, ಅದು ನಮ್ಮ ಪುಣ್ಯ. ಅಲ್ಲಿ ಡ್ಯೂಟಿ ಡಾಕ್ಟರು ಮೊದಲು ಕೇಳಿದ್ದೇ, "ಕೊನೇ ಸಲ ಸರಿಯಾಗಿದ್ದದ್ದನ್ನ ನೀವು ನೋಡಿದ್ದು ಎಷ್ಟು ಹೊತ್ತಿಗೆ?"

"ಆರು ಗಂಟೆಗೆ."

"ಕಾಣಿಸಿಕೊಂಡಿದ್ದು?"

"ಆರು ಇಪ್ಪತ್ತಕ್ಕೆ."

"ಮಧ್ಯದಲ್ಲಿ ನೀವು ಎಲ್ಲಿದ್ರಿ?"

"ಅವಳ ಎದುರಿಗೇ ಇದ್ದೆ" ಅಂದೆ. ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿ, ಆರು ಗಂಟೆ ಎಂದು ಬರೆದುಕೊಂಡರು.

ಇಂಜೆಕ್ಷನ್ ಕೊಟ್ಟರು, ಜೀವ ಉಳಿಯಿತು. ನಾಲ್ಕನೆಯ ದಿನ ಧೈರ್ಯ ಮಾಡಿ, ಆ ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರೆ ಏನಾದರೂ ವ್ಯತ್ಯಾಸ ಆಗುತ್ತಿತ್ತೇ ಎಂದು ಕೇಳಿದೆ. "ಹೇಳೋಕಾಗಲ್ಲ" ಅಂದರು. ಆಗುತ್ತಿತ್ತು ಅಂದಿದ್ದರೆ ಅಳುತ್ತಿದ್ದೆ, ಇಲ್ಲ ಅಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಹೇಳೋಕಾಗಲ್ಲ ಎಂಬುದನ್ನು ಇಟ್ಟುಕೊಂಡು ಏನು ಮಾಡುವುದು? ಮನೆಗೆ ಬಂದವನು ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ. ಅದೇ ಮಣ್ಣಿನ ಕಪ್ಪಿನಲ್ಲಿ ಟೀ ಹಾಕಿ, ಅದೇ ಜಾಗದಲ್ಲಿ, ಅಕ್ಕನ ಹಳೆಯ ಸೀರೆಯ ಮೇಲೆ ಚೆಲ್ಲಿ, ಅಷ್ಟು ತಣ್ಣಗಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದೆ. ಮೂರು ಸಲ ಅಳೆದೆ. ಏಳರಿಂದ ಒಂಬತ್ತು ನಿಮಿಷ. ಅಷ್ಟು ಹೊತ್ತು ಅವಳು ನನ್ನ ಎದುರಿಗೆ ಹಾಗೆ ಕೂತಿದ್ದಳು, ನಾನು ಶುಂಠಿಯನ್ನು ಗಮನಿಸುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ.

ಜುಲೈನಲ್ಲಿ ಅಕ್ಕ ಮನೆಗೆ ಬಂದಳು. ಬಲಗೈ ಬಲಗಾಲು ಏಳುತ್ತಿರಲಿಲ್ಲ. ಮಾತು ಹೋಗಿತ್ತು. ಗಂಟಲು ನುಂಗುವುದನ್ನು ಮರೆತಿತ್ತು. ಮೂಗಿನೊಳಗಿಂದ ಹೊಟ್ಟೆಗೆ ಒಂದು ನಳಿಗೆ, ಅದಕ್ಕೆ ಸಿರಿಂಜಿನಲ್ಲಿ ಎರಡು ಗಂಟೆಗೊಮ್ಮೆ ಗಂಜಿ, ಹಾಲು, ಸೋಸಿದ ಸಾರು. ಕರೆಯಲು ಎಡಗೈಗೆ ಏನಾದರೂ ಬೇಕಲ್ಲ? ಮನೆಯಲ್ಲಿದ್ದ ಒಂದೇ ಗಂಟೆ ನನ್ನ ಧ್ಯಾನದ್ದು. ಮೌನವನ್ನು ಆಹ್ವಾನಿಸಲೆಂದು ತಂದ ಗಂಟೆ ಹೀಗೆ ಬೆಡ್‌ಪ್ಯಾನ್ ಆಹ್ವಾನಿಸುವ ಗಂಟೆಯಾಯಿತು. ಅಕ್ಕ ಅದನ್ನು ಧಾರಾಳವಾಗಿ ಬಳಸಿದಳು. ಮೊದಲ ದಿನವೇ ಹದಿನೇಳು ಸಲ ಎದ್ದೆ. ಅದರಲ್ಲಿ ಐದಾರು ಸಲ ಸುಮ್ಮನೆ, ಬರುತ್ತಾನೋ ಇಲ್ಲವೋ ನೋಡೋಣ ಎಂದು ಬಾರಿಸಿದ್ದು. ಅವಳ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು.

ಬೆಳಗ್ಗೆ ನನ್ನ ಪಾಲಿನ ಟೀಯನ್ನು ನಾನು ಅಡುಗೆಮನೆಯಲ್ಲಿ ನಿಂತೇ, ಎರಡು ಗುಟುಕಿಗೆ ಕದ್ದು ಕುಡಿಯುತ್ತಿದ್ದೆ. ಆದರೆ ಶುಂಠಿ ಜಜ್ಜಿದ ವಾಸನೆಗೆ ಬಾಗಿಲಿದೆಯೇ? ಅದು ನಡುಮನೆಗೆ ಹೋಗುತ್ತಿತ್ತು, ಅಲ್ಲಿಂದ ಗಂಟೆ ಕೇಳಿಸುತ್ತಿತ್ತು. ಹೋಗಿ ನೋಡಿದರೆ ಅಕ್ಕ ಎಡಗೈಯಲ್ಲಿ ಗಾಳಿಯಲ್ಲಿ ಒಂದು ದುಂಡು ಬರೆಯುತ್ತಿದ್ದಳು. ಸಾಸರು. ಅಷ್ಟೇ ಅವಳು ಕೇಳುತ್ತಿದ್ದದ್ದು. ನಡೆಯಬೇಕೆಂದು ಕೇಳಲಿಲ್ಲ, ಮಾತು ಬರಲೆಂದು ಕೇಳಲಿಲ್ಲ. ಮೂಗಿನ ನಳಿಗೆಯ ಕಡೆ ಒಂದು ಸಲ, ಗಾಳಿಯ ಸಾಸರಿನ ಕಡೆ ಒಂದು ಸಲ ಬೆರಳು ತೋರಿಸುವಳು. ಅವಳ ಬಾಯಿಂದ ಮತ್ತೆ ಟೀ ಇಳಿಯುವಂತಾಗಬೇಕು, ಆ ಮಳೆಗಾಲದಲ್ಲಿ ನನಗೆ ಬೇರೆ ಹರಕೆಯೇ ಇರಲಿಲ್ಲ.

ನುಂಗುವುದನ್ನು ಕಲಿಸಲು ಗಂಗಾನಗರದಿಂದ ವಾರಕ್ಕೆ ಮೂರು ದಿನ ಒಂದು ಹುಡುಗಿ ಸ್ಕೂಟರಿನಲ್ಲಿ ಬರುತ್ತಿದ್ದಳು. ಹೆಸರು ಆಯೆಷಾ. ಮಾತು ಮತ್ತು ನುಂಗುವಿಕೆಯ ಥೆರಪಿ ಓದಿದವಳು. ರೇನ್‌ಕೋಟನ್ನು ಬಾಗಿಲಿಗೆ ನೇತುಹಾಕಿ, "ಅಮ್ಮಾ, ರೆಡೀನಾ?" ಎಂದುಕೊಂಡೇ ಒಳಗೆ ಬರುವಳು. ಬಿಳಿ ಡಬ್ಬಿಯ ಪುಡಿ ತಂದವಳು ಅವಳೇ. ನೀರಿನಂಥದ್ದು ಗಂಟಲಲ್ಲಿ ಓಡಿ ಶ್ವಾಸಕೋಶಕ್ಕೆ ಜಾರುತ್ತದೆ, ಅದಕ್ಕೇ ಪುಡಿ ಬೆರೆಸಿ ಗಟ್ಟಿ ಮಾಡಬೇಕು ಎಂದು ತೋರಿಸಿಕೊಟ್ಟಳು. ಟೀಯನ್ನು ರಾಗಿ ಅಂಬಲಿಯ ಹದಕ್ಕೆ ತಂದು, ಅರ್ಧ ಚಮಚ ಅಕ್ಕನ ನಾಲಿಗೆಯ ಮೇಲಿಟ್ಟಳು.

"ಗದ್ದ ಎದೆ ಕಡೆಗೆ ತನ್ನಿ ಅಮ್ಮಾ. ಬೇರೆ ಏನೂ ಯೋಚ್ನೆ ಮಾಡ್ಬೇಡಿ. ಟೀ ಬಾಯಲ್ಲಿದೆ. ಗೊತ್ತಾಗ್ತಿದ್ಯಾ? ಈಗ ಜೋರಾಗಿ ನುಂಗಿ. ಹೋಯ್ತಾ? ಪೂರ್ತಿ ಹೋದ್ಮೇಲೆನೇ ಇನ್ನೊಂದು."

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನ್ಯೂಟೌನಿನ ಮಹಡಿಯ ಮೇಲೆ ಕೂತು ಕಲಿತದ್ದೇ ಇದು, ಅಕ್ಷರಶಃ ಇದು. ಅಲ್ಲಿ ತಪ್ಪಿದರೆ ಮನಸ್ಸು ಅಲೆಯುತ್ತಿತ್ತು, ಇಲ್ಲಿ ತಪ್ಪಿದರೆ ಪ್ರಾಣ ಹೋಗುತ್ತಿತ್ತು.

ಅಕ್ಕ ನುಂಗಿದಳು. ಮುಖ ಹುಳ್ಳಗಾಯಿತು. ಐದು ವಾರದಿಂದ ಒಂದು ಮಾತೂ ಹೊರಡದ ಬಾಯಿಂದ ಸ್ಪಷ್ಟವಾಗಿ ಬಂತು: "ಥೂ!"

"ಶಾಬಾಶ್ ಅಮ್ಮಾ!" ಎಂದು ಆಯೆಷಾ ಚಪ್ಪಾಳೆ ತಟ್ಟಿದಳು. "ಅಂಕಲ್, ಮಾತು ಬಂತು! ಬೈಗುಳ ಎಲ್ಲಾದಕ್ಕಿಂತ ಮೊದ್ಲು ಬರುತ್ತೆ, ಗೊತ್ತಾ?"

"ನಮ್ಮಕ್ಕನಿಗೆ ಆ ದಾಸ್ತಾನು ದೊಡ್ಡದಿದೆಯಮ್ಮ, ಇನ್ನು ಚಿಂತೆಯಿಲ್ಲ" ಅಂದೆ. ಅಕ್ಕ ನನ್ನ ಕಡೆ ತಿರುಗಿ ಇನ್ನೊಂದು ಸಲ ಥೂ ಅಂದಳು. ಈ ಸಲದ್ದು ಟೀಗಲ್ಲ.

ಇಷ್ಟು ಚೆನ್ನಾಗಿ ನಡೆದದ್ದನ್ನು ಕೆಡಿಸಿದವನೂ ನಾನೇ. ವಿಧವೆಗೆ ಬಾಗಿನ ಕೊಡುವ ರೂಢಿ ನಮ್ಮ ಕಡೆ ಇಲ್ಲ. ಆದರೆ ಗೌರಿ ಹಬ್ಬದ ಬೆಳಗ್ಗೆ ಅಕ್ಕನಿಗೆ ಒಂದು ಸೀರೆ ಕೊಟ್ಟು, ಅವಳು ಮಾಡಿಕೊಟ್ಟ ಟೀ ಕುಡಿಯುವುದು ನಮ್ಮಿಬ್ಬರ ಸ್ವಂತ ರೂಢಿ. ಆ ವರ್ಷ ಸೀರೆ ಕೊಟ್ಟೆ. ಅವಳು ಅದನ್ನು ಎಡಗೈಯಲ್ಲಿ ಸವರಿ, ಆಮೇಲೆ ಗಾಳಿಯಲ್ಲಿ ದುಂಡು ಬರೆದಳು. ಹಬ್ಬದ ದಿನ. ಬೀದಿಯೆಲ್ಲ ಒಬ್ಬಟ್ಟಿನ ವಾಸನೆ. ನನ್ನ ಕೈಲಾಗಲಿಲ್ಲ. ಪುಡಿ ಬೆರೆಸದ ಟೀಯನ್ನು ಸಾಸರಿಗೆ ಬಗ್ಗಿಸಿ, ಚಮಚದಲ್ಲಿ ಕೊಟ್ಟೆ. ನುಂಗಿದಳು. ಕೆಮ್ಮಲಿಲ್ಲ. ಇನ್ನೊಂದು ಕೊಟ್ಟೆ, ಕೆಮ್ಮಲಿಲ್ಲ. ಒಂದಿಷ್ಟೂ ಸದ್ದಿಲ್ಲದೆ ಏಳು ಚಮಚ ಕುಡಿದಳು. ಕಣ್ಣು ತುಂಬಿಕೊಂಡು ನಕ್ಕಳು. ಭೇಷ್ ಅಕ್ಕ, ಕಲಿತೇಬಿಟ್ಟೆ ಅಂದೆ, ಈ ಸಲ ಬಾಯಿಬಿಟ್ಟೇ ಅಂದೆ.

ಮೂರನೆಯ ದಿನ ಜ್ವರ ಏರಿತು. ಉಸಿರಿನಲ್ಲಿ ಹುಕ್ಕಾ ಸೇದಿದ ಹಾಗೆ ಗುಳುಗುಳು. ಮತ್ತೆ ಆಸ್ಪತ್ರೆ, ಎಂಟು ದಿನ ಆಕ್ಸಿಜನ್ನು. ಅದರಲ್ಲಿ ಎರಡು ದಿನ ಯಾರೂ ನನಗೆ ಯಾವ ಭರವಸೆಯನ್ನೂ ಕೊಡಲಿಲ್ಲ. ಆಯೆಷಾ ಬಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ನಾನು ಮಾಡಿದ್ದನ್ನು ಹೇಳಿದೆ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಕೆಮ್ಮಲೇ ಇಲ್ಲ ಕಣಮ್ಮ" ಅಂದೆ.

"ಅದೇ ಅಂಕಲ್ ಡೇಂಜರ್ರು. ಅಮ್ಮನ ಗಂಟಲಿಗೆ ಸ್ಪರ್ಶ ಕಮ್ಮಿ. ದಾರಿ ತಪ್ಪಿ ಹೋದ್ರೂ ಅವ್ರಿಗೆ ಗೊತ್ತಾಗಲ್ಲ, ಕೆಮ್ಮು ಬರಲ್ಲ. ಸದ್ದಿಲ್ಲ ಅಂದ್ರೆ ಸರಿ ಇದೆ ಅಂತಲ್ಲ."

ಮೂವತ್ತಾರು ವರ್ಷ ಅಳತೆಗೋಲು ಹಿಡಿದವನಿಗೆ ಇಷ್ಟು ಸಣ್ಣ ಹುಡುಗಿ ಒಂದು ವಾಕ್ಯದಲ್ಲಿ ಕೆಂಪು ಬಣ್ಣ ಬಳಿದಳು. ಸದ್ದಿಲ್ಲದ್ದನ್ನು ಸರಿಯಿದೆ ಎಂದು ನಾನು ಪಾಸು ಮಾಡಿದ್ದು ಇದು ಎರಡನೆಯ ಸಲ. ಮೊದಲನೆಯದು ಅವಳಿಗೆ ಗೊತ್ತಿರಲಿಲ್ಲ.

"ಮತ್ತೆ ಸರಿಯಾಗಿದೆ ಅಂತ ತಿಳಿಯೋದು ಹೇಗಮ್ಮ?"

"ಪ್ರತಿ ಗುಟುಕಾದ್ಮೇಲೂ 'ಆ' ಅನ್ನಿಸಿ. ದನಿ ಒಣಗಿದ್ರೆ ಸರಿ. ದನಿ ಒದ್ದೆ ಇದ್ರೆ, ಗುಳುಗುಳು ಅಂದ್ರೆ, ಟೀ ಅಲ್ಲೇ ಎಲ್ಲೋ ನಿಂತಿದೆ ಅಂತ. ಇನ್ನೊಂದ್ಸಲ ನುಂಗಿಸಿ, ಇನ್ನೊಂದ್ಸಲ 'ಆ' ಅನ್ನಿಸಿ. ದನಿ ಒಣಗೋ ತನಕ ಬಿಡ್ಬಾರ್ದು. ಅಮ್ಮನ ಗಂಟಲಿನಿಂದ ನಿಮ್ಮ ಕಣ್ಣು ತೆಗೀಬಾರ್ದು."

ಸೆಪ್ಟೆಂಬರ್ ಮುಗಿಯುವವರೆಗೂ ಮಳೆ. ನಮ್ಮ ಬೀದಿ ಎರಡು ಸಲ ಕೆರೆಯಾಯಿತು, ಆಯೆಷಾ ಸ್ಕೂಟರನ್ನು ಮೇನ್ ರೋಡಿನಲ್ಲೇ ಬಿಟ್ಟು ಪ್ಯಾಂಟು ಮಡಚಿಕೊಂಡು ನಡೆದು ಬಂದಳು. ಬೆಳಗ್ಗೆ ಆರಕ್ಕೆ ನಾನು ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸುವೆ. ಅಂಬಲಿಯಂಥ ಟೀ, ಅರ್ಧ ಚಮಚ. ಗದ್ದ ಕೆಳಗೆ. ಅವಳ ಗಂಟಲಿನ ಗುಬುಟು ಮೇಲೆದ್ದು ಕೆಳಗಿಳಿಯುವುದನ್ನು ನೋಡುವೆ. "ಆ ಅನ್ನು ಅಕ್ಕ." "ಆ." ಕಿವಿಗೊಡುವೆ. ಹತ್ತು ಚಮಚಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ವಿಮಾನ ಹಾರಿದ್ದು, ಹಾಲಿನ ಗಾಡಿ ಬಂದದ್ದು ಯಾವುದೂ ಕೇಳುತ್ತಿರಲಿಲ್ಲ. ಅಂಟಿಕೊಳ್ಳಬಾರದು ಎಂಬುದಕ್ಕಾಗಿ ಅಲ್ಲ, ಪುರುಸೊತ್ತಿರಲಿಲ್ಲ.

ಆ ನಡುವೆ ನಳಿನಿ ಮೇಡಂ ಒಂದು ದಿನ ಹಣ್ಣು ತೆಗೆದುಕೊಂಡು ನೋಡಲು ಬಂದರು. ಜೂನಿನ ಆ ಬೆಳಗಿನ ವಿಷಯವನ್ನು ಅವರಿಗೂ ಹೇಳಲಿಲ್ಲ. ಹತ್ತು ಚಮಚವನ್ನೂ ಕೂತು ನೋಡಿದರು. ಹೋಗುವಾಗ ಬಾಗಿಲಲ್ಲಿ, "ನಂಜುಂಡಪ್ಪನವರೇ, ನಾನು ಹನ್ನೆರಡು ವರ್ಷದಿಂದ ಕಲಿಸ್ತಿದೀನಿ, ಇಷ್ಟು ಗಮನವಿಟ್ಟು ಯಾರೂ ಚಹಾ ಮುಗಿಸಿದ್ದನ್ನು ನೋಡಿಲ್ಲ" ಅಂದರು. ಹೊಗಳಿಕೆ ಎಂದೇ ಹೇಳಿದ್ದು. ಅವರು ಗೇಟು ದಾಟುವವರೆಗೆ ನನಗೆ ತಲೆ ಎತ್ತಲಾಗಲಿಲ್ಲ.

ಅಕ್ಕನಿಗೆ ಒಂದೊಂದೇ ಮಾತು ಬರತೊಡಗಿತು. ಆಯೆಷಾ ಒಂದು ದಿನ ಗಾಳಿಯ ದುಂಡಿನ ಅರ್ಥ ಕೇಳಿ, ಖಾಲಿ ಸಾಸರನ್ನು ಅವಳ ಎಡಗೈಗೆ ಕೊಟ್ಟು, "ಹೆಂಗೆ ಕುಡೀತಿದ್ರಿ ಅಮ್ಮಾ, ತೋರ್ಸಿ" ಅಂದಳು. ಅಕ್ಕ ಸಾಸರನ್ನು ಎತ್ತಿ, ತಲೆಯನ್ನು ಅದರತ್ತ ತಗ್ಗಿಸಿದಳು.

"ಅರೆ! ಅಂಕಲ್, ನೋಡಿ! ನಾನು ಮೂರು ತಿಂಗಳಿಂದ ಬಾಯಿ ಬಡ್ಕೊಳ್ತಿರೋದು ಇದೇ ಅಲ್ವಾ? ಕಪ್ಪಲ್ಲಿ ಕುಡಿದ್ರೆ ತಲೆ ಹಿಂದಕ್ಕೆ ಹೋಗುತ್ತೆ. ಸಾಸರಾದ್ರೆ ಗದ್ದ ತಾನೇ ತಗ್ಗುತ್ತೆ. ಮುಂದೆ ಟೀ ಕುಡಿಯೋ ಹಂಗಾದ್ರೆ ಅಮ್ಮನಿಗೆ ಇದೇ ಸರಿ. ಆದ್ರೆ ಸೊರ್ ಅಂತ ಎಳ್ಯೋದು ಮಾತ್ರ ಇನ್ಮೇಲೆ ಬೇಡ ಅಮ್ಮಾ. ಗಾಳಿ ಜೊತೆ ಟೀ ಒಳಗೆ ಹೋಗ್ಬಿಡ್ತದೆ."

ಅಕ್ಕ ನನ್ನ ಕಡೆ ನೋಡಿದಳು. ಕೊನೆಗೂ ನೀನೇ ಗೆದ್ದೆ ಅನ್ನುವ ಹಾಗಿತ್ತು. ನಾನು ಗೆದ್ದದ್ದು ಹೀಗೆ.

ದಸರಾ ಕಳೆದ ಮೇಲೆ ಆಸ್ಪತ್ರೆಯಲ್ಲಿ, ನುಂಗುವುದನ್ನು ಎಕ್ಸ್‌ರೇಯಲ್ಲಿ ಚಿತ್ರ ಹಿಡಿದು ನೋಡುವ ಪರೀಕ್ಷೆ ಮಾಡಿದರು. ಪರದೆಯ ಮೇಲೆ ಅಕ್ಕನ ಗಂಟಲಿನ ನೆರಳು, ಅದರಲ್ಲಿ ಕಪ್ಪು ಗೆರೆಯಾಗಿ ಇಳಿಯುವ ಔಷಧಿ ಬೆರೆತ ನೀರು. ಒಂದು ಕವಲಿನ ಹತ್ತಿರ ಬಂದು ಕ್ಷಣ ತಡೆಯಿತು. ನನ್ನ ಇಡೀ ಸರ್ವಿಸಿನಲ್ಲಿ ಯಾವ ಗೆರೆಯನ್ನೂ ನಾನು ಹಾಗೆ ನೋಡಿಲ್ಲ. ಆಮೇಲೆ ಸರಿಯಾದ ದಾರಿ ಹಿಡಿದು ಇಳಿದುಹೋಯಿತು. ನಳಿಗೆ ತೆಗೆದರು.

ಮಾರನೆಯ ಬೆಳಗ್ಗೆ ಆಕಾಶ ಬಿಳಿಚಿತ್ತು, ಮಳೆಯಿರಲಿಲ್ಲ. ಅಕ್ಕನನ್ನು ಜಗಲಿಗೆ ತಂದು ಕುರ್ಚಿಯಲ್ಲಿ ಕೂರಿಸಿದೆ. ಶುಂಠಿ ಜಜ್ಜಿ ಟೀ ಮಾಡಿದೆ, ಪುಡಿ ಬೆರೆಸದ ಟೀ. ನೀಲಿ ಗೆರೆಯ ಸಾಸರಿಗೆ ಬಗ್ಗಿಸಿ, ಆರಿಸಿ, ಅವಳ ಎಡಗೈಗೆ ಕೊಟ್ಟು, ಕೆಳಗೆ ನನ್ನ ಕೈ ಒಡ್ಡಿದೆ. ಅಕ್ಕ ತಲೆ ತಗ್ಗಿಸಿದಳು. ಸದ್ದಿಲ್ಲದೆ ತುಟಿಗೆ ಮುಟ್ಟಿಸಿಕೊಂಡಳು. ನುಂಗಿದಳು.

"ಆ" ಅಂದಳು. ಒಣಗಿದ, ಗಟ್ಟಿ ದನಿ.

ಎಂಟು ಗುಟುಕು, ಎಂಟು ಆ. ಸಾಸರಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನಾನು ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. "ಅಕ್ಕ, ಅವತ್ತು ನಾನು ಕಣ್ಣು ಮುಚ್ಕೊಂಡು ಕೂತಿದ್ದೆ. ನೀನು ಧ್ಯಾನ ಮಾಡ್ತಿದ್ದೀಯ ಅಂದ್ಕೊಂಡೆ."

ಅಕ್ಕ ಬಹಳ ಹೊತ್ತು ಮಾತುಗಳನ್ನು ಹುಡುಕಿದಳು. ಸಿಕ್ಕಿದ್ದನ್ನು ಒಂದೊಂದಾಗಿ ಇಟ್ಟಳು.

"ಗೊತ್ತು. ಕೈ... ಸತ್ತೋಯ್ತು. ಗಂಟೆ... ಒಡೀಲಿ ಅಂತ... ಕುಂತಿದ್ದೆ."

ಒಂದು ವಿಮಾನ ಬಂದು ಹೋಯಿತು.

ಅಕ್ಕ ಸಾಸರನ್ನು ನನ್ನ ಕಡೆ ತಳ್ಳಿದಳು. ನಾನು ಹುಟ್ಟಿದಾಗಿನಿಂದ ಸಾಸರಿನಲ್ಲಿ ಕುಡಿದವನಲ್ಲ. ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಅವಳು ಎಳೆಯುತ್ತಿದ್ದ ಹಾಗೆ ಎಳೆದೆ. ಸೊರ್ ಬಂತು. ಅರ್ಧ ಸೊರ್. ಮಿಕ್ಕರ್ಧ ಗಂಟಲಲ್ಲಿ ಸಿಕ್ಕಿಕೊಂಡಿತು. ಅಕ್ಕ ಮುಂದಕ್ಕೆ ಬಾಗಿ, ನಾಲ್ಕು ತಿಂಗಳು ನಾನು ಅವಳ ಗಂಟಲನ್ನು ನೋಡಿದ ಹಾಗೆ ನನ್ನ ಗಂಟಲನ್ನು ನೋಡಿದಳು.

"ಆ ಅನ್ನು."

"ಆ" ಅಂದೆ. ದನಿ ಪೂರ್ತಿ ಒದ್ದೆಯಾಗಿತ್ತು.

ಅಕ್ಕ ತಲೆಯಾಡಿಸಿದಳು. ಎಡಗೈಯನ್ನು ನನ್ನ ಮೊಣಕಾಲ ಮೇಲಿಟ್ಟಳು.

"ಇನ್ನೊಂದ್ಸಲ" ಅಂದಳು.